ಅಟ್ಟದಲ್ಲಿ ಮುಚ್ಚಿಹೋಗಿದ್ದ ಡಬ್ಬಿ

ನಮ್ಮ ಅತ್ತೆಯವರಿಗೆ ರಾತ್ರಿ ಊಟವಾದ ಮೇಲೆ ಮರುದಿನದ ಕುಚ್ಚಲಕ್ಕಿಯನ್ನು ಆರಿಸಿಡುವ ಅಭ್ಯಾಸ. ಕಾರ್ಕಳದಿಂದ ಬಂದು ನಲವತ್ತು ವರ್ಷ ಡೊಂಬಿವಲಿಯಲ್ಲಿದ್ದರೂ ಅದು ತಪ್ಪಿಲ್ಲ. ಈಗಿನ ಅಕ್ಕಿಯಲ್ಲಿ ಕಲ್ಲು ಬರುವುದೇ ಅಪರೂಪ ಎಂದರೆ, ‘ಅಪರೂಪಕ್ಕೆ ಬಂದದ್ದೇ ಹಲ್ಲು ಮುರಿಯುವುದು’ ಎನ್ನುತ್ತಾರೆ. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. ನಮ್ಮ ಅಡುಗೆಕೋಣೆಯಲ್ಲಿ ಟ್ಯೂಬ್‌ಲೈಟ್ ಇರುವುದು ಬೆನ್ನ ಹಿಂದಿನ ಗೋಡೆಯಲ್ಲಿ. ಕಟ್ಟೆಯ ಎದುರು ನಿಂತರೆ ನಮ್ಮ ನೆರಳೇ ಮೊರದ ಮೇಲೆ ಬೀಳುತ್ತದೆ.

ಕಳೆದ ದೀಪಾವಳಿಗೆ ಕಪಾಟುಗಳನ್ನು ಹೊಸದಾಗಿ ಮಾಡಿಸಿದಾಗ, ಮೇಲಿನ ಕಪಾಟಿನ ಅಡಿಗೆ ಪುಟ್ಟ ದೀಪಗಳ ಪಟ್ಟಿಯಾದ ಎಲ್‌ಇಡಿ ಸ್ಟ್ರಿಪ್ ಹಾಕಿಸಿದೆ. ಕಟ್ಟೆ ಎಲ್ ಆಕಾರದ್ದು. ಒಂದು ಗೋಡೆಗೆ 2.4 ಮೀಟರ್, ಇನ್ನೊಂದಕ್ಕೆ 1.8 ಮೀಟರ್. ಸ್ಟ್ರಿಪ್ ಆರಿಸಲು ನಾನು ಎರಡು ಭಾನುವಾರ ಕಳೆದಿದ್ದೆ. ಹಳದಿ ಬೆಳಕೋ ಬಿಳಿಯೋ, ಮೀಟರಿಗೆ ಎಷ್ಟು ದೀಪ, ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಬೇಕೋ ಬೇಡವೋ ಎಂದು ಎಲ್ಲವನ್ನೂ ನೋಡಿದೆ. ಮನೆಯ 230 ವೋಲ್ಟ್ ಎಸಿಯನ್ನು 12 ವೋಲ್ಟ್ ಡಿಸಿಗೆ ಇಳಿಸಿ ಅದಕ್ಕೆ ವಿದ್ಯುತ್ ಕೊಡುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ತಾನೇ ತಂದು ಹಾಕಿದರು. ಅದನ್ನು ನಾನು ಕೈಯಲ್ಲಿ ಹಿಡಿದೂ ನೋಡಲಿಲ್ಲ. ಠಾಣೆಯ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು ನಾನು. ಅದಕ್ಕೇ ಈ ಬರಹವನ್ನು ಬರೆಯಲೇಬೇಕು ಅನ್ನಿಸಿತು.

ಯುಗಾದಿಯ ಹೊತ್ತಿಗೆ ಬೆಳಕು ಮಂಕಾಗಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅರ್ಧ ಗಂಟೆ ಉರಿದು ಆರುವುದು, ತಣ್ಣಗಾದ ಮೇಲೆ ಮತ್ತೆ ಬರುವುದು, ನಡುವೆ ಮಿಣುಕುವುದು ಶುರುವಾಯಿತು. ಅತ್ತೆಯವರು ದೂರಲಿಲ್ಲ. ಒಂದು ರಾತ್ರಿ ನೋಡಿದರೆ ಮೊರವನ್ನು ಹಾಲ್‌ಗೆ ತಂದುಕೊಂಡು ಟಿವಿಯ ಪಕ್ಕದ ದೀಪದಡಿ ಕುಳಿತಿದ್ದರು. ಆ ದೃಶ್ಯ ನನ್ನನ್ನು ಚುಚ್ಚಿತು.

ಎಲ್ಲರೂ ಹೇಳಿದ್ದು ಒಂದೇ ಮಾತು: ಸ್ಟ್ರಿಪ್ ಹೋಗಿದೆ, ಬದಲಾಯಿಸಿ. ನಾನು ಮೊದಲು ಮೂಲೆಯ ಜೋಡಣೆಯನ್ನು ಬಿಡಿಸಿ, 1.8 ಮೀಟರಿನ ತುಂಡನ್ನು ಮನೆಯ ವೈಫೈ ಪೆಟ್ಟಿಗೆಯ 12 ವೋಲ್ಟ್ 2 ಆಂಪಿಯರ್ ಅಡಾಪ್ಟರಿಗೆ ಕೊಟ್ಟು ನೋಡಿದೆ. ಹಾಲಿನಂಥ ಬೆಳಕು ಬಂತು. ಅಂದರೆ ಸ್ಟ್ರಿಪ್‌ನಲ್ಲಿ ದೋಷವಿರಲಿಲ್ಲ.

ಇನ್ನು ಪವರ್ ಸಪ್ಲೈ. ಅದು ಎಲ್ಲಿದೆ ಎಂದು ಹುಡುಕಿದರೆ ಫ್ರಿಜ್ಜಿನ ಮೇಲಿನ ಅಟ್ಟದ ಹಿಂಬದಿಯಲ್ಲಿ, ಪ್ಲೈವುಡ್ ಹಲಗೆಯ ಒಳಗೆ. ಬಡಗಿ ಅದರ ಮೇಲೆ ಮೊಳೆ ಹೊಡೆದು, ಅದರ ಮೇಲೆ ಸನ್‌ಮೈಕಾ ಅಂಟಿಸಿದ್ದರು. ಕಣ್ಣಿಗೆ ಅಂದವಾಗಿತ್ತು, ಒಂದು ಗೀರೂ ಕಾಣುತ್ತಿರಲಿಲ್ಲ. ಗರಗಸ ಹಾಕಿ ಕೊಯ್ಯದೆ ಬೇರೆ ದಾರಿ ಇರಲಿಲ್ಲ. ಹಲಗೆ ತೆಗೆದಾಗ ಒಳಗಿಂದ ಸುಟ್ಟ ಅಂಟಿನ ವಾಸನೆ ಬಂತು. ಡಬ್ಬಿ ಒರಗಿಕೊಂಡಿದ್ದ ಕಡೆ ಪ್ಲೈವುಡ್ ಅಂಗೈಯಗಲ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಆ ಕಲೆಯ ಮೇಲೆ ಬೆರಳಾಡಿಸಿದರೆ ಹುಡಿ ಉದುರುತ್ತಿತ್ತು.

ಡಬ್ಬಿಯ ಮೇಲೆ 12 ವೋಲ್ಟ್, 5 ಆಂಪಿಯರ್, 60 ವ್ಯಾಟ್ ಎಂದು ಅಚ್ಚಾಗಿತ್ತು. ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮ ಸ್ಟ್ರಿಪ್ ಮೀಟರಿಗೆ 120 ದೀಪಗಳದ್ದು, ಮೀಟರಿಗೆ 9.6 ವ್ಯಾಟ್ ಎಳೆಯುತ್ತದೆ. 4.2 ಮೀಟರಿಗೆ ಸುಮಾರು 40 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 3.36 ಆಂಪಿಯರ್. 60 ವ್ಯಾಟಿನ ಸಪ್ಲೈಗೆ ಇದು ಮೂರನೇ ಎರಡು ಭಾಗದ ಹೊರೆ. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಹೊಂದುವುದಿಲ್ಲ. ಹಾಗಾದರೆ ಎಡವಿದ್ದು ಎಲ್ಲಿ?

ಮಲ್ಟಿಮೀಟರ್ ತೆಗೆದೆ. ಸ್ಟ್ರಿಪ್ ಬಿಡಿಸಿಟ್ಟಾಗ ಡಬ್ಬಿಯ ಬಾಯಲ್ಲಿ 12.1 ವೋಲ್ಟ್ ಇತ್ತು. ಸ್ಟ್ರಿಪ್ ಜೋಡಿಸಿ ಹತ್ತು ನಿಮಿಷ ಬಿಟ್ಟು ಅಳೆದರೆ 11.4. ಅಲ್ಲಿಂದ ಹೊರಟ ತಂತಿ ಸ್ಟ್ರಿಪ್ ಮುಟ್ಟುವಲ್ಲಿ 10.6. ಸ್ಟ್ರಿಪ್‌ನ ಕೊನೆಯ ತುದಿಯಲ್ಲಿ 10.1. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ತಂತಿಯ ಸಾಲಿನಲ್ಲೇ ಸೇರಿಸಿ ನೋಡಿದಾಗ ಹರಿಯುತ್ತಿದ್ದದ್ದು ಕೇವಲ 2 ಆಂಪಿಯರ್. 5 ಕೊಡುತ್ತೇನೆ ಎಂದು ಬರೆದುಕೊಂಡದ್ದು 2 ಕೊಡುವಾಗಲೇ ಕುಸಿಯುತ್ತಿತ್ತು.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು. 12ರಲ್ಲಿ ಒಂದೂವರೆ ವೋಲ್ಟ್ ಹೋದರೆ ಎಂಟರಲ್ಲಿ ಒಂದು ಪಾಲು ಹೋಯಿತು, ಬೆಳಕೂ ಅಷ್ಟೇ ಕಡಿಮೆಯಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 12 ವೋಲ್ಟಿನ ಸ್ಟ್ರಿಪ್‌ನ ಒಳಗಿನ ಕಟ್ಟಣೆ ಬೇರೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ: ಎರಡು ಕತ್ತರಿ ಗುರುತುಗಳ ನಡುವೆ ಮೂರು ಎಲ್‌ಇಡಿ, ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಚೌಕ. ಆ ಚೌಕವೇ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್. ಬಿಳಿ ಎಲ್‌ಇಡಿಯೊಂದಕ್ಕೆ ಸುಮಾರು 3 ವೋಲ್ಟ್ ಬೇಕು. ಮೂರು ಸಾಲಾಗಿ ಇರುವುದರಿಂದ 9 ವೋಲ್ಟ್ ಅವುಗಳಿಗೇ ಹೋಯಿತು. ಉಳಿದ 3 ವೋಲ್ಟ್ ರೆಸಿಸ್ಟರಿನ ಪಾಲು, ಹರಿಯುವ ಕರೆಂಟನ್ನು ನಿರ್ಧರಿಸುವುದು ಆ ಪಾಲು. ಒಂದೂವರೆ ವೋಲ್ಟ್ ಕಳೆದುಹೋದರೆ ಅದು 12ರಿಂದ ಹೋದದ್ದಲ್ಲ, ಈ 3ರಿಂದ ಹೋದದ್ದು. ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅತ್ತೆಯವರ ಮೊರದ ಮೇಲೆ ಆಗಿದ್ದದ್ದು ಇದೇ.

ಇದೇ ಲೆಕ್ಕ ತಿರುಗಿಯೂ ಹೊಡೆಯುತ್ತದೆ. ಲೋಹದ ಜಾಲರಿ ಪೆಟ್ಟಿಗೆಯ ಪವರ್ ಸಪ್ಲೈಗಳಲ್ಲಿ (ಪೇಟೆಯಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ) ವೋಲ್ಟೇಜ್ ಹೊಂದಿಸುವ ಒಂದು ಚಿಕ್ಕ ತಿರುಪು ಇರುತ್ತದೆ. ಬೆಳಕು ಸಾಲದೆಂದು ಅದನ್ನು ತಿರುಗಿಸಿ 13.5ಕ್ಕೆ ಏರಿಸಿದರೆ ಎಲ್‌ಇಡಿಗಳಿಗೆ ಸುಮಾರು ಒಂದೂವರೆ ಪಟ್ಟು ಕರೆಂಟ್ ಹೋಗುತ್ತದೆ. ಕೆಲವು ದಿನ ಝಗಮಗಿಸುತ್ತವೆ, ಆಮೇಲೆ ಕಾದು ಕಾದು ಒಂದೊಂದಾಗಿ ಆರುತ್ತವೆ. ದಯವಿಟ್ಟು ಆ ತಿರುಪಿಗೆ ಕೈ ಹಾಕಬೇಡಿ.

ಡಬ್ಬಿಯ ಪ್ಲಗ್ ಕಳಚಿ, ಸಾಕಷ್ಟು ಹೊತ್ತು ಬಿಟ್ಟು ಮುಚ್ಚಳ ಬಿಚ್ಚಿದೆ. ಕಳಚಿದ ಮೇಲೂ ಒಳಗೆ ವಿದ್ಯುತ್ತನ್ನು ಹಿಡಿದಿಡುವ ದೊಡ್ಡ ಕೆಪ್ಯಾಸಿಟರಿನಲ್ಲಿ ಮುನ್ನೂರು ವೋಲ್ಟಿನ ಹತ್ತಿರದ ಚಾರ್ಜ್ ನಿಂತಿರಬಹುದು. ಪಳಗಿದ ಕೈಯಲ್ಲದವರು ಬಿಚ್ಚಲೇಬಾರದು. ಒಳಗೆ ಕೊನೆಯ ಸಾಲಿನಲ್ಲಿದ್ದ ಕೆಪ್ಯಾಸಿಟರಿನ ನೆತ್ತಿ ಉಬ್ಬಿತ್ತು. ಚಪ್ಪಟೆಯಾಗಿರಬೇಕಾದ ಲೋಹದ ತಲೆ ಇಡ್ಲಿಯಂತೆ ಎದ್ದು, ಅದರ ಮೇಲೆ ಕೊರೆದಿದ್ದ ಅಡ್ಡಗೆರೆಯ ಸಂದಿಯಲ್ಲಿ ಕಂದು ಬಣ್ಣದ ಹೆಪ್ಪು ಕಟ್ಟಿತ್ತು. ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರಿನ ಒಳಗೆ ದ್ರವವಿರುತ್ತದೆ, ಬಿಸಿ ಹೆಚ್ಚಾದಷ್ಟೂ ಅದು ಬೇಗ ಆರುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎನ್ನುವುದು ಈ ಕ್ಷೇತ್ರದವರೆಲ್ಲ ನಂಬಿ ನಡೆಯುವ ಸ್ಥೂಲ ಲೆಕ್ಕ. ಗಾಳಿಯಾಡದ ಅಟ್ಟ, ಕೆಳಗೆ ಬಿಸಿ ಕಾರುವ ಫ್ರಿಜ್ಜು, ಸುತ್ತ ಪ್ಲೈವುಡ್. ಒಳ್ಳೆಯ ಸಪ್ಲೈಯನ್ನೇ ಇಟ್ಟಿದ್ದರೂ ಅಲ್ಲಿ ಹೆಚ್ಚು ಬಾಳುತ್ತಿರಲಿಲ್ಲ. ಕಳಪೆಯದು ಎಂಟು ತಿಂಗಳು ಉಳಿಯಿತು.

ಮರು ಶನಿವಾರ ಬೆಳಿಗ್ಗೆ ಲೋಕಲ್ ಹಿಡಿದು, ದಾದರಿನಲ್ಲಿ ಬದಲಾಯಿಸಿ ಗ್ರ್ಯಾಂಟ್ ರೋಡ್‌ಗೆ ಹೋದೆ. ನಿಲ್ದಾಣದಿಂದ ಪೂರ್ವಕ್ಕೆ ಇಳಿದರೆ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆ. ಫಲಕಗಳಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಮಳೆಯಲ್ಲಿ ಕೊಡೆಗಳ ಮೇಲೆ ಕೊಡೆ. ನಾನು ಹೋದ ಚಿಕ್ಕ ಅಂಗಡಿಯಲ್ಲಿ ಕಟ್ಟೆಯ ಹಿಂದೆ ನಿಂತಿದ್ದ ಹಿರಿಯರು ನನ್ನ ಮರಾಠಿ ಕೇಳಿ, ‘ನೀವು ನಮ್ಮ ಕಡೆಯವರಲ್ಲವೇ?’ ಎಂದು ಕನ್ನಡದಲ್ಲೇ ಕೇಳಿದರು. ನಿಪ್ಪಾಣಿಯವರಂತೆ. ಅವರು ಮಾತು ಬೆಳೆಸಲಿಲ್ಲ. ಒಂದೇ ಅಳತೆಯ, 12 ವೋಲ್ಟ್ 5 ಆಂಪಿಯರ್ ಎಂದೇ ಬರೆದ ಎರಡು ಡಬ್ಬಿಗಳನ್ನು ನನ್ನ ಎರಡು ಅಂಗೈಗಳ ಮೇಲೆ ಇಟ್ಟರು. ಒಂದು ಖಾಲಿ ಬೆಂಕಿಪೊಟ್ಟಣದ ಹಾಗೆ ಹಗುರ. ಇನ್ನೊಂದು ಕೈಯನ್ನು ಕೆಳಕ್ಕೆ ಎಳೆಯಿತು.

‘ಈಗ ಹೇಳಿ ಅಕ್ಕಾ, ಯಾವುದು ಬೇಕು?’ ಎಂದರು.

ತೂಕವೊಂದೇ ಪುರಾವೆಯಲ್ಲ, ನಿಜ. ಆದರೆ ಒಳಗೆ ತಕ್ಕಷ್ಟು ತಾಮ್ರದ ಟ್ರಾನ್ಸ್‌ಫಾರ್ಮರ್, ಬಿಸಿ ಹೀರುವ ಅಲ್ಯೂಮಿನಿಯಂ ತಗಡು, ತಕ್ಕ ಗಾತ್ರದ ಕೆಪ್ಯಾಸಿಟರ್ ಇದ್ದರೆ ಅದು ತೂಗಲೇಬೇಕು. ಅವುಗಳನ್ನು ಕಡಿತ ಮಾಡಿಯೇ ಬೆಲೆ ಇಳಿಸುವುದು. ತೂಕದ ಜೊತೆಗೆ ನಾನು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ, ಗುರುತನ್ನು ನೋಡಿದೆ. ಎಲ್‌ಇಡಿಗೆ ವಿದ್ಯುತ್ ಕೊಡುವ ಇಂಥ ಡಬ್ಬಿಗಳಿಗೆ, ಅಂದರೆ ಎಲ್‌ಇಡಿ ಡ್ರೈವರುಗಳಿಗೆ, ನಮ್ಮ ದೇಶದಲ್ಲಿ ನೋಂದಣಿ ಕಡ್ಡಾಯ. ಅನ್ವಯವಾಗುವ ಮಾನಕ ಐಎಸ್ 15885. ಗುರುತಿನ ಪಕ್ಕದಲ್ಲಿ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ಹಾಕಿ ನೋಡಿ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಒಂದು ಎಡವಟ್ಟು ನನ್ನ ಕಣ್ಣೆದುರೇ ಆಗುವುದರಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗ ಸ್ಟ್ರಿಪ್‌ಗೆಂದು ಡೌನ್‌ಲೈಟಿನ ಡ್ರೈವರ್ ಕೇಳುತ್ತಿದ್ದ. ಪೇಟೆಯಲ್ಲಿ ಡ್ರೈವರ್, ಅಡಾಪ್ಟರ್, ಎಸ್‌ಎಂಪಿಎಸ್ ಎಂದು ಎಲ್ಲವನ್ನೂ ಬೆರೆಸಿಯೇ ಕರೆಯುತ್ತಾರೆ, ಅವನ ತಪ್ಪಲ್ಲ. ಚಾವಣಿಯ ಗುಂಡು ದೀಪದ ಡ್ರೈವರ್ ಮೇಲೆ 300 ಮಿಲಿಆಂಪಿಯರ್ ಎಂದು ಒಂದೇ ಅಂಕೆ ನಿಂತಿರುತ್ತದೆ, ವೋಲ್ಟೇಜ್ ಮಾತ್ರ 24ರಿಂದ 42 ಎಂಬಂತೆ ಅಗಲವಾಗಿರುತ್ತದೆ. ಅದು ಕರೆಂಟನ್ನು ಕಟ್ಟಿಹಿಡಿದು ವೋಲ್ಟೇಜನ್ನು ಬದಲಿಸುವ ಜಾತಿ. ಸ್ಟ್ರಿಪ್‌ಗೆ ಬೇಕಾದದ್ದು ವೋಲ್ಟೇಜನ್ನು 12ಕ್ಕೋ 24ಕ್ಕೋ ಕಟ್ಟಿಹಿಡಿದು, ಕೇಳಿದಷ್ಟು ಕರೆಂಟ್ ಕೊಡುವ ಜಾತಿ. ನಿಪ್ಪಾಣಿಯ ಹಿರಿಯರು ಆ ಹುಡುಗನಿಗೆ ಮರಾಠಿಯಲ್ಲಿ ಇದನ್ನು ಎರಡು ಸಲ ಬಿಡಿಸಿ ಹೇಳಿದರು. ಹೇಳದೆ ಮಾರಿದ್ದರೆ ಅವರಿಗೆ ವ್ಯಾಪಾರವಾಗುತ್ತಿತ್ತು.

ಎಷ್ಟು ವ್ಯಾಟಿನದು ಕೊಳ್ಳಬೇಕು ಎಂಬುದಕ್ಕೆ ನಾನು ಬಳಸುವ ಲೆಕ್ಕ ಸರಳ. ಸ್ಟ್ರಿಪ್‌ನ ಉದ್ದವನ್ನು ಮೀಟರಿನ ವ್ಯಾಟಿಗೆ ಗುಣಿಸಿ, ಬಂದದ್ದನ್ನು 0.8ರಿಂದ ಭಾಗಿಸಿ, ಅದಕ್ಕಿಂತ ಮೇಲೆ ಸಿಗುವ ಅಳತೆಯದನ್ನು ತೆಗೆದುಕೊಳ್ಳುವುದು. ನನ್ನ 40 ವ್ಯಾಟಿಗೆ 50 ಬರುತ್ತದೆ, ಸಿಗುವುದು 60. ಸಪ್ಲೈ ದೊಡ್ಡದಾದರೆ ಸ್ಟ್ರಿಪ್ ಸುಟ್ಟೀತು ಎಂಬ ಭಯ ಹಲವರಿಗಿದೆ. ಹಾಗಾಗುವುದಿಲ್ಲ. ವೋಲ್ಟೇಜ್ ಸರಿಯಿದ್ದರೆ ಸ್ಟ್ರಿಪ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ದೊಡ್ಡ ಹಂಡೆಯಲ್ಲಿ ನೀರಿದ್ದ ಮಾತ್ರಕ್ಕೆ ಯಾರೂ ಹೆಚ್ಚು ಕುಡಿಯುವುದಿಲ್ಲ.

ತಂತಿಯ ಕತೆಯನ್ನೂ ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಹೆಚ್ಚು ವೋಲ್ಟ್ ನುಂಗಿದ್ದು ಅದೇ. ಅಟ್ಟದಿಂದ ಕಪಾಟಿಗೆ 6 ಮೀಟರ್ ದೂರ ಅರ್ಧ ಚದರ ಮಿಲಿಮೀಟರಿನ ಸಣ್ಣ ತಂತಿ ಎಳೆದಿದ್ದರು. ಕರೆಂಟ್ ಹೋಗಿ ಬರಬೇಕು, ಆದ್ದರಿಂದ ತಂತಿ 12 ಮೀಟರ್ ಎಂದೇ ಲೆಕ್ಕ. ಆ ದಪ್ಪದ ತಾಮ್ರ ಕರೆಂಟಿಗೆ ಒಡ್ಡುವ ತಡೆ ಮೀಟರಿಗೆ 0.035 ಓಮ್. ಒಟ್ಟು 0.42 ಓಮ್. 3.36 ಆಂಪಿಯರ್ ಹರಿದರೆ ದಾರಿಯಲ್ಲೇ 1.4 ವೋಲ್ಟ್ ಕರಗುತ್ತದೆ. ಹೊಸ ಸಪ್ಲೈ ಹಾಕಿ ತಂತಿಯನ್ನು ಹಾಗೆಯೇ ಬಿಟ್ಟಿದ್ದರೆ ಹಣ ಹೋಗುತ್ತಿತ್ತು, ಬೆಳಕು ಅರ್ಧವೇ ಉಳಿಯುತ್ತಿತ್ತು.

ಹೀಗಾಗಿ ನಾನು ಮೂರು ಕೆಲಸ ಮಾಡಿದೆ. ಸಪ್ಲೈಯನ್ನು ಅಟ್ಟದಿಂದ ಇಳಿಸಿ, ಮೂಲೆಯ ಮೇಲಿನ ಕಪಾಟಿನೊಳಗೆ, ಗೋಡೆಯಿಂದ ಎರಡು ಬೆರಳು ಬಿಟ್ಟು ತಿರುಪಿನಲ್ಲಿ ಕೂರಿಸಿದೆ. ಒಲೆಯ ಹಬೆ ಆ ಕಡೆ ಹೋಗುವುದಿಲ್ಲ. ತಂತಿ 1.5 ಚದರ ಮಿಲಿಮೀಟರಿನದು, ಉದ್ದ ಬರೀ ಒಂದೂವರೆ ಮೀಟರ್. ಮತ್ತು ಸ್ಟ್ರಿಪ್‌ಗೆ ಒಂದು ತುದಿಯಿಂದ ಕೊಡುವ ಬದಲು ಮೂಲೆಯಲ್ಲಿ ಕೊಟ್ಟೆ. ಅಲ್ಲಿಂದ 2.4 ಮೀಟರ್ ಒಂದು ಕಡೆಗೆ, 1.8 ಮೀಟರ್ ಇನ್ನೊಂದು ಕಡೆಗೆ. ಸ್ಟ್ರಿಪ್‌ನ ತಾಮ್ರದ ಪದರ ಕಾಗದದಷ್ಟು ತೆಳು, ಅದರ ಮೇಲೆ ಇಡೀ 4.2 ಮೀಟರಿನ ಹೊರೆ ಒಂದೇ ಕಡೆಯಿಂದ ಬೀಳುವುದು ತಪ್ಪಿತು. 230 ವೋಲ್ಟಿನ ಕಡೆಯ ಕೆಲಸವನ್ನು ಎಂಸಿಬಿ ಇಳಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ.

ಡಬ್ಬಿ ಜಾಲರಿಯದ್ದೋ ಮುಚ್ಚಿದ್ದೋ ಎಂಬುದೂ ಯೋಚಿಸಬೇಕಾದ ಸಂಗತಿ. ಜಾಲರಿಯದ್ದಕ್ಕೆ ಗಾಳಿಯಾಡುತ್ತದೆ, ಆದರೆ 230 ವೋಲ್ಟಿನ ತಿರುಪುಗಳು ಬೆರಳಿಗೆ ಎಟಕುವಂತೆ ಇರುತ್ತವೆ, ಜಿರಲೆ ಮರಿಗಳಿಗೂ ಅದು ಬೆಚ್ಚನೆಯ ಮನೆ. ಅಡುಗೆಕೋಣೆಗೆ ಅದು ಬೇಡ. ಹಾಕುವುದೇ ಆದರೆ ಲೋಹದ ಮೈಗೆ ಅರ್ಥಿಂಗ್ ಜೋಡಿಸಲೇಬೇಕು. ನಾನು ಮುಚ್ಚಿದ ಮೈಯದನ್ನೇ ಆರಿಸಿದೆ. ಮುಂಬಯಿಯ ಮಳೆಗಾಲದಲ್ಲಿ ಬಾಲ್ಕನಿಗೋ ಗಣಪತಿಯ ಹೊರಗಿನ ಚಪ್ಪರಕ್ಕೋ ಹಾಕುವುದಾದರೆ ಐಪಿ 67 ಎಂದಿರುವುದನ್ನು ಕೇಳಿ ಪಡೆಯಿರಿ. ಮೊದಲ ಅಂಕೆ ದೂಳಿನದು, ಎರಡನೆಯದು ನೀರಿನದು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ಸಪ್ಲೈ ಜಲನಿರೋಧಕವಾಗಿದ್ದು, ತಂತಿಯ ಜೋಡಣೆಗೆ ಬರೀ ಟೇಪ್ ಸುತ್ತಿದ್ದರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಕೆಲಸ ಮುಗಿದ ರಾತ್ರಿ ಒಂದು ಗಂಟೆ ಉರಿಸಿ ಅಳೆದೆ. ಡಬ್ಬಿಯ ಬಾಯಲ್ಲಿ 12.0. ಮೂಲೆಯಲ್ಲಿ 11.9. ಉದ್ದನೆಯ ತೋಳಿನ ತುದಿಯಲ್ಲಿ 11.6. ಈ ಅಂಕೆಗಳನ್ನು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಮುಂದೊಂದು ದಿನ ಬೆಳಕು ಮಂಕಾದರೆ, ಯಾರು ಬಂದರೂ ಮೊದಲು ಎಲ್ಲಿ ಅಳೆಯಬೇಕೆಂದು ಅದು ಹೇಳುತ್ತದೆ. ಅತ್ತೆಯವರು ಕಪಾಟು ತೆರೆದಾಗಲೆಲ್ಲ ಡಬ್ಬಿಯ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತಾರೆ, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ. ‘ಬೆಚ್ಚಗಿದೆ, ಸುಡುವುದಿಲ್ಲ’ ಎಂದು ನನಗೆ ವರದಿ ಕೊಡುತ್ತಾರೆ. ಮೊರ ಮತ್ತೆ ಕಟ್ಟೆಯ ಮೇಲೆ ಬಂದಿದೆ.

ಇದನ್ನೆಲ್ಲ ನೋಡಿದ ಎದುರುಮನೆಯ ಕುಂದಾಪುರದ ಅಣ್ಣ ತಮ್ಮ ಹಾಲ್‌ನ ಫಾಲ್ಸ್ ಸೀಲಿಂಗಿಗೂ ಸಲಹೆ ಕೇಳಿದ್ದಾರೆ. 4 ಮೀಟರ್ ಉದ್ದ, 3 ಮೀಟರ್ ಅಗಲ. ಸುತ್ತಳತೆ 14 ಮೀಟರ್, ಮೀಟರಿಗೆ ಅದೇ 9.6 ವ್ಯಾಟಿನಂತೆ ಒಟ್ಟು 134 ವ್ಯಾಟ್. 12 ವೋಲ್ಟಿನಲ್ಲಿ ಇದಕ್ಕೆ 11 ಆಂಪಿಯರ್ ಮೀರುತ್ತದೆ, ಆ ದಾರಿ ಬೇಡವೆಂದೆ. 24 ವೋಲ್ಟಿನ ಸ್ಟ್ರಿಪ್‌ನಲ್ಲಿ ಕರೆಂಟ್ ಅರ್ಧ. ತಂತಿಯಲ್ಲಿ ಕರಗುವ ವೋಲ್ಟ್ ಅರ್ಧ, ಒಟ್ಟು ವೋಲ್ಟ್ ಇಮ್ಮಡಿಯಾದ್ದರಿಂದ ನಷ್ಟದ ಪಾಲು ನಾಲ್ಕರಲ್ಲೊಂದಕ್ಕೆ ಇಳಿಯುತ್ತದೆ. ಅವರು 200 ವ್ಯಾಟಿನ ಒಂದು ದೊಡ್ಡ ಸಪ್ಲೈ ತರುವ ಯೋಚನೆಯಲ್ಲಿದ್ದರು. ನಾನು 100 ವ್ಯಾಟಿನ ಎರಡು ತರಲು ಹೇಳಿದೆ. ಎದುರುಬದುರು ಮೂಲೆಗಳಲ್ಲಿ ಒಂದೊಂದು. ಪ್ರತಿಯೊಂದೂ ತನ್ನ ಮೂಲೆಯಿಂದ ಒಂದು ಉದ್ದದ ಗೋಡೆಗೆ, ಒಂದು ಅಗಲದ ಗೋಡೆಗೆ ಕೊಡುತ್ತದೆ. ತಲಾ 7 ಮೀಟರ್, 67 ವ್ಯಾಟ್. ಒಂದು ಕೆಟ್ಟರೂ ಹಾಲ್ ಕತ್ತಲಾಗುವುದಿಲ್ಲ. ಬೆಳಕು ತಗ್ಗಿಸುವ ಡಿಮ್ಮರ್ ಬೇಕೆಂದರು. ಅದು ಸಪ್ಲೈ ಆದ ಮೇಲೆ, ಡಿಸಿ ಕಡೆಗೆ ಬರಬೇಕು. ಫ್ಯಾನಿನ ರೆಗ್ಯುಲೇಟರನ್ನು ಸಪ್ಲೈಗೂ ಮೊದಲು, 230 ವೋಲ್ಟಿನ ಕಡೆಗೆ ಹಾಕಿದರೆ ಸಪ್ಲೈ ಗುಂಯ್‌ಗುಟ್ಟುತ್ತಾ ಹಾಳಾಗುತ್ತದೆ.

ಬಡಗಿ ಬರುವುದು ಭಾನುವಾರ. ಎರಡೂ ಮೂಲೆಗಳಲ್ಲಿ ಕೈ ಹೋಗುವಷ್ಟು, 30 ಸೆಂಟಿಮೀಟರ್ ಚೌಕದ ಬಾಗಿಲು ಬೇಕು, ಕೀಲು ಇರಬೇಕು, ಮೊಳೆ ಹೊಡೆಯಬಾರದು ಎಂದು ಅಣ್ಣನ ಮೊಬೈಲಿನಿಂದಲೇ ಅವರಿಗೆ ಹೇಳಿದ್ದೇನೆ. ‘ಗೀರು ಕಾಣುತ್ತದಲ್ಲ ತಾಯೀ’ ಎಂದರು. ಕಾಣಲಿ ಎಂದೆ.